ಹದಿನೈದು ಬೀಜದ ಲಕೋಟೆ

ಗುಂಡಿ ಹಾಕುವ ತೂತಿಗೆ ಕಾಜಾ ತೆಗೆಯುವುದರಲ್ಲಿ ಮೀರಿಸುವವರಿಲ್ಲದ ಕಾರಣ ದರ್ಜಿಯ ಹೆಂಡತಿಯನ್ನು ಬೀದಿಯವರೆಲ್ಲ ಕಾಜಮ್ಮ ಎಂದೇ ಕರೆಯುತ್ತಿದ್ದರು. ಆ ಚಳಿಗಾಲ ಅಂಗಡಿಯ ಹಿಂದಿನ ಐದು ಮಾರು ಜಾಗದಲ್ಲಿ ತರಕಾರಿ ಬೆಳೆಯುವ ಹುಚ್ಚು ಅವಳ ತಲೆಗೆ ಹೊಕ್ಕಿತು. ಸುಮ್ಮನೆ ಹೊಕ್ಕಿದ್ದಲ್ಲ. ಹಿಂದಿನ ವರ್ಷ ತೀರಿಕೊಂಡ ಅಕ್ಕನ ಸಾಮಾನಿನಲ್ಲಿ ಸಿಕ್ಕಿತೆಂದು ಭಾವ ಒಂದು ಲಕೋಟೆ ಕಳಿಸಿದ್ದ. ಮೇಲೆ ಅಕ್ಕನ ಕೈಬರಹ: 'ಟೊಮೇಟೊ. ಹದಿನೈದು.' ಅಕ್ಕ ಮೂವತ್ತು ವರ್ಷ ಬೀಜ ತೆಗೆದಿಟ್ಟು ಉಳಿಸಿಕೊಂಡು ಬಂದ ತಳಿ ಅದು. ಅಂಗೈ ತುಂಬುವ, ನೆರಿಗೆ ನೆರಿಗೆಯ ಹಣ್ಣು. ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಈ ಬೀಜ ಹೋದರೆ ತಳಿಯೇ ಹೋದಂತೆ.

ಕಾಜಮ್ಮ ಎಣಿಸಿದಳು. ಹನ್ನೆರಡಿದ್ದವು.

"ನಮ್ಮಕ್ಕನಿಗೆ ಎಣಿಸೋಕೆ ಯಾವತ್ತು ಬಂತು ಹೇಳಿ," ಎಂದಳು ಗಂಡನಿಗೆ. "ಜಡೆ ಹಾಕೋವಾಗ ಮೂರು ಎಳೆ ತಗೊಳ್ಳೋ ಕಡೆ ನಾಲ್ಕು ತಗೊಳ್ಳೋಳು. ಕೊನೇವರೆಗೂ ಸುಧಾರಿಸ್ಲಿಲ್ಲ."

ದರ್ಜಿ ಸೂಜಿಗೆ ದಾರ ಪೋಣಿಸುತ್ತಾ "ಹೂಂ" ಎಂದ. ಅವನ ಹೂಂಗೆ ನೂರು ಅರ್ಥ. ಅವಳು ವಿಚಾರಿಸಲು ಹೋಗಲಿಲ್ಲ.

ಅಳತೆ ತೆಗೆಯದೆ ಕತ್ತರಿ ಹಿಡಿಯುವ ಮನೆಯಲ್ಲ ಅದು. ನಮೂನೆ ಕತ್ತರಿಸುವ ಕಂದು ಕಾಗದವನ್ನು ಹಾಸಿ, ಅವಳು ಸೀಮೆಸುಣ್ಣದಲ್ಲಿ ತೋಟ ಬರೆದಳು. ಬಿಸಿಲು ಬೀಳುವ ಗೋಡೆಯ ಬುಡಕ್ಕೆ ಹನ್ನೆರಡು ಟೊಮೇಟೊ ಗಿಡ, ಎರಡೆರಡು ಅಡಿ ಅಂತರ. ಅದರ ಮುಂದೆ ಹುರುಳಿಕಾಯಿ, ಅಂಚಿಗೆ ಮೂಲಂಗಿ. ಸುತ್ತಲೂ ಅರ್ಧ ಅಡಿ ಖಾಲಿ ಬಿಟ್ಟಳು. ಹೊಲಿಗೆಗೆಂದು ಅಂಚು ಬಿಡುವ ಅಭ್ಯಾಸ ಇಲ್ಲೂ ತಪ್ಪಲಿಲ್ಲ.

"ತೋಳು ಎಲ್ಲಿ ಜೋಡಿಸ್ತೀಯ?" ಎಂದ ದರ್ಜಿ.

"ನಿಮ್ಮ ಚಿಂದಿ ಪುಸ್ತಕ ಹೂಳೋಕೂ ಜಾಗ ಬಿಟ್ಟಿದೀನಿ, ಸುಮ್ನಿರಿ."

ಚಿಂದಿ ಪುಸ್ತಕವೆಂದರೆ ಅಳತೆ ಪುಸ್ತಕ. ಯಾರ ಬಟ್ಟೆ ಕತ್ತರಿಸಿದರೂ ಒಂದು ಚೂರು ಎತ್ತಿಟ್ಟು, ಅವರವರ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಡುವುದು ಅವನ ಚಟ. ನಾಳೆ ಹರಿದರೆ ತೇಪೆಗೆ ಬೇಕಲ್ಲ ಎನ್ನುತ್ತಿದ್ದ. ಪುಸ್ತಕ ಊದಿಕೊಂಡು ದಿಂಬಿನಂತಾಗಿತ್ತು.

ನೆಲ ಬೆಚ್ಚಗಾಗಲು ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಒಳಗೇ ಸಸಿ ಎಬ್ಬಿಸಬೇಕು. ಹಳೆಯ ಬೀಜವನ್ನು ನೇರ ಮಣ್ಣಿಗೆ ಹಾಕಲು ಧೈರ್ಯ ಸಾಲದೆ, ಕಾಜಮ್ಮ ಹನ್ನೆರಡನ್ನೂ ಒದ್ದೆ ಬಟ್ಟೆಯಲ್ಲಿ ಮಡಿಸಿ ಮೊಳಕೆಗೆ ಇಟ್ಟಳು. ಇಟ್ಟದ್ದು ಇಸ್ತ್ರಿ ಮೇಜಿನ ತುದಿಗೆ. ಮನೆಯಲ್ಲೆಲ್ಲ ಬೆಚ್ಚಗಿದ್ದ ಜಾಗ ಅದೊಂದೇ.

ಉಣ್ಣೆ ಕೋಟಿಗೆ ಇಸ್ತ್ರಿ ಹಾಕುವಾಗ ಮೇಲೊಂದು ಒದ್ದೆ ಬಟ್ಟೆ ಹಾಸಬೇಕು. ಇಪ್ಪತ್ತೆಂಟು ವರ್ಷದಿಂದ ಆ ಮೇಜಿನ ಮೇಲಿನ ಒದ್ದೆ ಬಟ್ಟೆ ಇದ್ದದ್ದೇ ಅದಕ್ಕೆ. ಮೂರನೆಯ ಬೆಳಿಗ್ಗೆ ಅಂಚೆಯವನ ಕೋಟು ಅವಸರದಲ್ಲಿ ಆಗಬೇಕಿತ್ತು. ದರ್ಜಿ ಕೋಟಿನಿಂದ ಕಣ್ಣು ತೆಗೆಯದೆ ಕೈ ಚಾಚಿ ಬಟ್ಟೆ ಎಳೆದುಕೊಂಡ, ಹಾಸಿದ, ಕಾದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದ. ಚುಯ್ ಎಂದಿತು. ಆಮೇಲೆ ಚಟಪಟ ಎಂದಿತು. ಆಗ ಅವನಿಗೆ ಬೀಜದ ನೆನಪಾಯಿತು.

ಸದ್ದು ಕೇಳಿ ಬಂದ ಕಾಜಮ್ಮ ಮಡಿಕೆ ಬಿಚ್ಚಿದಳು. ಹನ್ನೆರಡೂ ಹುರಿದು ಕಂದಾಗಿದ್ದವು. ಅವಳು ಕೂಗಾಡಿದ್ದರೆ ದರ್ಜಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೂಗಾಡಲಿಲ್ಲ.

"ಇಲ್ಲಿ ಇಟ್ಟೋಳು ನಾನೇ," ಎಂದಳು. "ಅಕ್ಕಂದು ಅಂತ ಇದ್ದಿದ್ದು ಇದೊಂದೇ. ಇದನ್ನೂ ಕಳ್ಕೊಂಡೆ."

ದರ್ಜಿ ಅಳತೆ ಪುಸ್ತಕ ಇಳಿಸಿದ. ಅಕ್ಕನ ಪುಟ ತೆಗೆದ. ಎದೆ, ಸೊಂಟ, ತೋಳಿನ ಅಳತೆಗಳ ಪಕ್ಕದಲ್ಲಿ ಅವಳ ಹಳೆಯ ನೀಲಿ ಕೋಟಿನ ಚೂರಿತ್ತು. ಗುಂಡುಸೂಜಿ ಕಿತ್ತು ಬಿಚ್ಚಿದರೆ ಅದರ ಮಡಿಕೆಯಲ್ಲಿ ಮೂರು ಬೀಜ.

"ಲಕೋಟೆ ಬಂದ ದಿನವೇ ತೆಗ್ದಿಟ್ಟೆ. ಕೈ ಸುಮ್ನಿರಲ್ಲ, ನಿನಗೆ ಗೊತ್ತಲ್ಲ."

"ಹೇಳೋದಲ್ವಾ?"

"ಅಷ್ಟೊತ್ತಿಗೆ ನೀನು ಅಕ್ಕನ್ನ ಆಡ್ಕೊಳ್ತಿದ್ದೆ. ಮಧ್ಯೆ ಬಾಯಿ ಹಾಕೋಕೆ ಧೈರ್ಯ ಬರ್ಲಿಲ್ಲ."

ಕಾಜಮ್ಮ ಮೇಜಿನ ಮೇಲೆ ಹುರಿದ ಹನ್ನೆರಡನ್ನೂ ಈ ಮೂರನ್ನೂ ಒಟ್ಟಿಗೆ ನೋಡಿದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

"ಅವಳು ಸರಿಯಾಗೇ ಎಣಿಸಿದ್ಲು ಕಣ್ರೀ," ಎಂದಳು.

ಅಂಚೆಯವನು ಬಂದು ಏನೂ ತಿಳಿಯದೆ ಕೋಟು ತೊಟ್ಟು ಹೋದ. ಸಂಜೆ ಅವಳು ಕಂದು ಕಾಗದದ ಮೇಲಿನ ಹನ್ನೆರಡು ಗಿಡಗಳಲ್ಲಿ ಹತ್ತನ್ನು ಒರೆಸಿ ಹಾಕಿದಳು. ಗುಂಡಿಗಳ ಹಳೆಯ ಡಬ್ಬಿಗಳೆರಡಕ್ಕೆ ಮಣ್ಣು ತುಂಬಿ ಒಂದೊಂದು ಬೀಜ ಊರಿದಳು. ಮೂರನೆಯದನ್ನು ನೀಲಿ ಚೂರಿನಲ್ಲಿ ಮಡಿಸಿ, ಗುಂಡುಸೂಜಿ ಚುಚ್ಚಿ, ಅಕ್ಕನ ಪುಟಕ್ಕೇ ವಾಪಸು ಸೇರಿಸಿದಳು. ದರ್ಜಿ ನೋಡಿದ. ಚಿಂದಿಯ ಮಾತು ಇಬ್ಬರೂ ಎತ್ತಲಿಲ್ಲ.

ಹನ್ನೊಂದನೆಯ ದಿನ ಒಂದು ಡಬ್ಬಿಯಲ್ಲಿ ಮಣ್ಣು ಬಿರಿದು, ಎಳೆ ಹಸಿರು ಕುತ್ತಿಗೆ ಬಗ್ಗಿಸಿಕೊಂಡೇ ಮೇಲೆ ಬಂತು. ಇನ್ನೊಂದು ಡಬ್ಬಿ ಏಳಲೇ ಇಲ್ಲ. ಕಾಜಮ್ಮ ಮೊಳೆತ ಡಬ್ಬಿಯ ಪಕ್ಕಕ್ಕೆ ಖಾಲಿ ಲಕೋಟೆ ತಂದು, ಅಕ್ಕನ ಬರಹದ ಕೆಳಗೆ 'ಟೊಮೇಟೊ. ಒಂದು.' ಎಂದು ಬರೆದಳು. ಬರೆಯುವ ಮುಂಚೆ ಎರಡು ಸಲ ಎಣಿಸಿದಳು.