ಏಳದ ಕಾಯಿ

"ನಿಲ್ಸ್ರಪ್ಪೋ, ಗುದ್ದಲಿ ನಿಲ್ಸ್ರಿ!" ಎನ್ನುತ್ತಾ ಗಂಗಣ್ಣ ಗುಂಡಿಯಿಂದ ಮೇಲೆ ಹತ್ತಿದ. ಕಾಲೆಲ್ಲ ಕೆಸರು. ಹೆಣ ಹೂಳಲು ಎದೆಯುದ್ದ ತೋಡಿದ್ದ ಗುಂಡಿಯ ತಳದಲ್ಲಿ ನೀರು ಜಿನುಗುತ್ತಿತ್ತು.

ಶಿವಮೂರ್ತಿ ಬಗ್ಗಿ ನೋಡಿದ. ಅಲ್ಲ, ಇದೆಂಥ ಚೇಷ್ಟೆ! ಸತ್ತು ಮನೆಯಂಗಳದಲ್ಲಿ ಮಲಗಿರುವ ಅಪ್ಪ ಅಡವಿಯಪ್ಪ ಗುಬ್ಬಿಯಿಂದ ಕುಣಿಗಲ್‌ವರೆಗೂ ಬೋರ್‌ವೆಲ್ ಪಾಯಿಂಟ್ ತೋರಿಸಿ ಹೆಸರಾದವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದರೆ ನೀರಿದ್ದಲ್ಲಿ ಕಾಯಿ ತಾನೇ ಎದ್ದು ನಿಲ್ಲುತ್ತಿತ್ತು. ಅಂಥವನು ಸ್ವಂತ ತೋಟದಲ್ಲಿ ಮಾತ್ರ ನೀರಿಲ್ಲ ಎಂದಿದ್ದ. ಆ ಮಾತು ನಂಬಿಯೇ ಶಿವಮೂರ್ತಿ ಒಣಗುತ್ತಿದ್ದ ಮರಗಳನ್ನು ಕಡಿಸಿ, ಸತ್ಯಮಂಗಲದ ಫ್ಯಾಕ್ಟರಿಗೆ ಸೇರಿದ್ದು.

"ಕೆರೆಗೆ ಚಾನಲ್ ನೀರು ಬಿಟ್ಟವ್ರಲ್ಲ, ಅದ್ರ ಜೌಗು ಕಣೋ" ಎಂದ ಗಂಗಣ್ಣ.

"ಕೆರೆ ಎಲ್ಲೈತೆ, ಈ ದಿಣ್ಣೆ ಎಲ್ಲೈತೆ?"

"ಹಂಗಾರೆ ನಿಮ್ಮಪ್ಪಂಗೇ ಗೊತ್ತಾಗ್ಲಿಲ್ಲ ಅಂತೀಯಾ?"



*

ಮರಗಳು ಒಣಗತೊಡಗಿದಾಗ ಅಪ್ಪ ಒಂದು ದಿನ ಕಾಯಿ ಹಿಡಿದು ತೋಟವಿಡೀ ನಡೆದಿದ್ದ. ಕಾಯಿ ಮಿಸುಕಲಿಲ್ಲ. ಈಗ ಗುಂಡಿ ತೋಡಿರುವ ಈ ಮೂಲೆಗೆ ಬಂದಾಗ ಮಾತ್ರ ಸುಮಾರು ಹೊತ್ತು ನಿಂತುಬಿಟ್ಟ.

"ಇಲ್ಲಿ ಐತಾ ಅಪ್ಪ?"

"ಇದ್ರೆ ಏಳ್ತಿರ್ಲಿಲ್ವೇನ್ಲಾ? ನಡಿ, ನಡಿ." ಮುಖ ಕೊಡದೆ ನಾಲ್ಕು ಹೆಜ್ಜೆ ಹೋಗಿ, "ನಾನು ಸತ್ರೆ ಇಲ್ಲೇ ಮಡಗ್ರಿ" ಎಂದಿದ್ದ.

*

ಶಿವಮೂರ್ತಿ ಮನೆಗೆ ಓಡಿದ. ಹೆಣದ ತಲೆದೆಸೆಯಲ್ಲಿ ಕೂತಿದ್ದ ಅವ್ವ ಗಂಗಲಕ್ಷ್ಮಮ್ಮನ ಕಿವಿಯಲ್ಲಿ ಕೇಳಿದ: "ಅಲ್ಲಿ ನೀರೈತೆ ಅಂತ ಅಪ್ಪಂಗೆ ಗೊತ್ತಿತ್ತಾ?"

"ನಂಗೇನ್ ಗೊತ್ತಪ್ಪ? ಇವ್ರು ತೋರ್ಸಿದ್ ಬೋರುಗಳಿಂದ್ಲೇ ಊರಿನ್ ಬಾವಿಯೆಲ್ಲ ಬತ್ತೋದ್ವು ಅಂತ ಜನ ಆಡ್ಕೊಂಡ್ರು. ಆವತ್ತಿಂದ ಕಾಯಿ ಹಿಡಿದ್ರೆ ಕೈ ನಡುಗೋದು. ನೀರು ಗೊತ್ತಾಗ್ಲಿಲ್ವೋ, ಗೊತ್ತಾಗಿ ಬಾಯಿ ಬಿಡ್ಲಿಲ್ವೋ..." ಅವಳು ಸೆರಗು ಕಚ್ಚಿಕೊಂಡು ಅತ್ತಳು.

ಅವನಿಗೂ ಅಳು ಬಂತು. ಜೊತೆಗೇ ಸತ್ತವನ ಮೇಲೆ ಸಿಟ್ಟೂ ಬಂತು.

ತೋಟಕ್ಕೆ ವಾಪಸ್ ಬಂದರೆ ಗಂಗಣ್ಣ ಕಾಯುತ್ತಿದ್ದ. "ಇಲ್ಲೇ ಮಡಗಾನಾ, ಇಲ್ಲ ಇದನ್ನ ಮುಚ್ಚಿ ಆಚೆ ಇನ್ನೊಂದು ಗುಂಡಿ ತೆಗೀಲಾ? ಆಮೇಲೆ ಇಲ್ಲೇ ಬೋರ್ ಹಾಕುಸ್ಕೊಬಹುದು ನೀನು. ಬೇಗ ಹೇಳ್ಲಾ, ತಮಟೆ ಹೊರಡ್ತು."

"ಒಂದ್ನಿಮಿಷ ಇರಣ್ಣ."

ಗುಂಡಿ ಪೂಜೆಗೆ ತಂದಿಟ್ಟಿದ್ದ ಕಾಯಿ ಎತ್ತಿಕೊಂಡು ಶಿವಮೂರ್ತಿ ಒಳಗಿಳಿದ. ಅಪ್ಪನಂತೆಯೇ ಅಂಗೈ ಮೇಲೆ ಅದನ್ನು ಮಲಗಿಸಿ, ಉಸಿರು ಬಿಗಿಹಿಡಿದು ನಿಂತ. ತಮಟೆ ಹತ್ತಿರವಾಗುತ್ತಿತ್ತು. ನೀರು ಅವನ ಕಾಲಿನ ಹರಡು ಮುಳುಗಿಸಿ ಮೇಲಕ್ಕೇರಿತು. ಕಾಯಿ ಮಲಗಿಯೇ ಇತ್ತು.