ಅಷ್ಟು ದೊಡ್ಡ ಬಂದೂಕು ಯಾತಕ್ಕೆ

"ನನ್ನ ಗೋಡೆಗೆ ತೂತು ಕೊರೀಬೇಡ," ಎಂದ ವಿಲ್ಫ್ ಹೆಪ್ಪಲ್.

"ಕೊರೀಲೇಬೇಕು ಅಪ್ಪ. ಬಂದೂಕಿನ ಪೆಟ್ಟಿಗೇನ ಗೋಡೆಗೆ ಬಿಗಿದಿಲ್ಲ ಅಂದ್ರೆ ಪೊಲೀಸರು ಲೈಸೆನ್ಸ್ ಕೊಡಲ್ಲ."

"ಪೊಲೀಸರಾ! ಈ ಹೊಸ್ತಿಲಿಗೆ ಅವರು ಕೊನೇ ಸಲ ಬಂದದ್ದು ಯಾವಾಗ ನೆನಪಿದ್ಯಾ? ಮುಷ್ಕರದಲ್ಲಿ ನಿನ್ನ ಅಣ್ಣನ ತಲೆ ಒಡೆದು ತಂದು ಹಾಕೋಕೆ."

ನೋರೀನ್ ಡ್ರಿಲ್ ಚಾಲೂ ಮಾಡಿದಳು. ಇಟ್ಟಿಗೆ ಪುಡಿ ಮುದುಕನ ಚಹಾದ ಲೋಟಕ್ಕೆ ಬಿತ್ತು. ಅವನು ಮಗಳ ಮುಖವನ್ನೇ ನೋಡುತ್ತ ಆ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ. ಅವನು ಜಗಳವಾಡುವುದೇ ಹಾಗೆ.

ಕ್ರೇಕ್ ಹಿಲ್‌ನ ಕಲ್ಲಿದ್ದಲು ಗಣಿ ಮುಚ್ಚಿ ಮೂರು ವರ್ಷವಾಗಿತ್ತು. ನೋರೀನ್ ಹದಿನಾಲ್ಕು ವರ್ಷ ಕೋಳಿ ಕೊಯ್ದು ಪ್ಯಾಕ್ ಮಾಡುತ್ತಿದ್ದ ಕಾರ್ಖಾನೆಗೂ ಕಳೆದ ಚಳಿಗಾಲದಲ್ಲಿ ಬೀಗ ಬಿದ್ದಿತ್ತು. ಊರಲ್ಲಿ ಕೆಲಸ ಕೊಡುವ ಜಾಗ ಎಂದು ಉಳಿದಿದ್ದದ್ದು ಗುಡ್ಡದ ಮೇಲಿನ ಜಮೀನ್ದಾರಿ ಎಸ್ಟೇಟ್ ಒಂದೇ. ಮುಷ್ಕರದ ವರ್ಷ ಗಣಿ ಕಾರ್ಮಿಕರ ಮೇಲೆ ನುಗ್ಗಿಸಿದ ಪೊಲೀಸ್ ಕುದುರೆಗಳು ರಾತ್ರಿ ಮೇಯ್ದು ಮಲಗುತ್ತಿದ್ದದ್ದು ಅದೇ ಎಸ್ಟೇಟಿನ ಹುಲ್ಲುಗಾವಲಿನಲ್ಲಿ. ಊರು ಅದನ್ನು ಮರೆತಿರಲಿಲ್ಲ. ನೋರೀನಳೂ ಮರೆತಿರಲಿಲ್ಲ. ಆದರೆ ನೆನಪನ್ನು ಬೇಯಿಸಿ ತಟ್ಟೆಗೆ ಬಡಿಸಲಾಗುವುದಿಲ್ಲವಲ್ಲ.

ಎಸ್ಟೇಟಿನ ಗೋಧಿ ಶೆಡ್ಡಿಗೆ ಕಾಡು ಪಾರಿವಾಳಗಳ ಕಾಟ. ಗೋಧಿಯ ರಾಶಿಯ ಮೇಲೆಲ್ಲ ಹಿಕ್ಕೆ. ಹೊಡೆದು ತೆಗೆಯಲು ಖಾಯಂ ಆಳು ಬೇಕಾಗಿತ್ತು. ಮ್ಯಾನೇಜರ್ ಲೇಡ್ಲಾ ಒಂದೇ ಶರತ್ತು ಹಾಕಿದ್ದ: "ಹೆಚ್ಚು ಶಕ್ತಿಯ ಏರ್ ರೈಫಲ್ಲೇ ಆಗಬೇಕು ನೋರೀನ್. ಆಟದ ಸಾಮಾನು ತಗೊಂಡು ಬರಬೇಡ."

ಕಡಿಮೆ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಹೆಚ್ಚು ಶಕ್ತಿಯದಕ್ಕೆ ಬೇಕು. ಲೈಸೆನ್ಸಿಗೆ ಕಾರಣ ಬೇಕು, ಕಾರಣಕ್ಕೆ ನೆಲ ಬೇಕು, ಇಂಥ ನೆಲದಲ್ಲಿ ಇಂಥವಳು ಬಂದೂಕು ಹಿಡಿಯಬಹುದು ಎಂದು ನೆಲದವನು ಬರೆದುಕೊಡಬೇಕು. ನೆಲದಡಿಯಲ್ಲಿ ಮೂವತ್ತೆಂಟು ವರ್ಷ ಹೊಟ್ಟೆ ಮೇಲೆ ತೆವಳಿದ ವಿಲ್ಫ್ ಹತ್ತಿರ ಸ್ವಂತದ್ದೆಂದು ಬೊಗಸೆ ನೆಲ ಇರಲಿಲ್ಲ. ಕಾಗದ ಬರೆದುಕೊಟ್ಟವನು ಲೇಡ್ಲಾ. ನಾಲ್ಕು ಸಾಲು. ಆ ನಾಲ್ಕು ಸಾಲಿನ ಮೇಲೆ ಅವಳ ಲೈಸೆನ್ಸ್ ನಿಂತಿತ್ತು, ಲೈಸೆನ್ಸಿನ ಮೇಲೆ ಅವಳ ಅನ್ನ.

ಬಂದೂಕು ಮಾರಿದವನು ಪಟ್ಟಣದ ಟಾಮ್ ರೇನ್. ಹಲ್ಲಿಗಿಂತ ಮಾತು ಹೆಚ್ಚಿದ್ದ ಮುದುಕ. ಹಳೆಯ ಕಲ್ಲುಕ್ವಾರಿಗೆ ಕರೆದೊಯ್ದು ಎಲ್ಲ ಹೇಳಿಕೊಟ್ಟ. ಮುಳುಗುಗಾರರ ಸಿಲಿಂಡರಿನಿಂದ ಬಂದೂಕಿಗೆ ನಿಧಾನವಾಗಿ ಗಾಳಿ ತುಂಬುವುದು, ಅವಸರ ಮಾಡಿದರೆ ಬಿಸಿಯಾಗುತ್ತದೆ. ಮೂವತ್ತು ಗಜ ದೂರದಲ್ಲಿ ಕಾಗದ ಅಂಟಿಸಿ, ಗುಂಡು ಬಿದ್ದ ಕಡೆಗೆ ಸ್ಕೋಪನ್ನು ಒಂದೊಂದೇ ಕಚ್ಚು ತಿರುಗಿಸಿ ಗುರಿ ಕೂಡಿಸುವುದು. ಹಕ್ಕಿಗಿಂತ ಮೊದಲು ಹಕ್ಕಿಯ ಹಿಂದೆ ಏನಿದೆ ಎಂದು ನೋಡುವುದು. ರಿಪೇರಿಗೆ ತರುವ ಮುಂಚೆ ಬಂದೂಕಿನ ಅಡಿಯ ಸಣ್ಣ ತಿರುಪನ್ನು ಕೀಲಿಯಿಂದ ಸಡಿಲಿಸಿ ಗಾಳಿಯನ್ನೆಲ್ಲ ಹೊರಗೆ ಬಿಡುವುದು.

"ಕಿವಿ ಮುಚ್ಕೋಬೇಕು ಆಗ. ಹಂದಿ ಕೊಯ್ದಂಗೆ ಕಿರುಚುತ್ತೆ," ಎಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಅಲ್ಲ ಕಣಮ್ಮ, ಶೆಡ್ಡೊಳಗೆ ಹದಿನೈದು ಗಜದ ಹಕ್ಕಿಗೆ ಇಷ್ಟು ದೊಡ್ಡ ಬಂದೂಕು ಯಾತಕ್ಕೆ? ಚಿಕ್ಕದು ಧಾರಾಳ ಸಾಕು. ಇದು ಹಕ್ಕೀನೂ ದಾಟಿ ತಗಡನ್ನೂ ದಾಟಿ ಹೋಗುತ್ತೆ."

"ಇದೇ ಬೇಕು ಅಂದಿದ್ದಾನೆ."

"ಯಾರು?"

"ಕೆಲಸ ಕೊಡೋನು."

"ಹಾಗಾದ್ರೆ ಅವನನ್ನೇ ಕೇಳು."

ಅವಳು ಕೇಳಲಿಲ್ಲ. ಕೆಲಸವಿಲ್ಲದವರು ಕೆಲಸ ಕೊಡುವವನನ್ನು ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆಯನ್ನು ನುಂಗಿಕೊಳ್ಳುವುದೇ ಆ ಕೆಲಸದ ಮೊದಲ ದಿನದ ಪಾಠ.

ಮೊದಲ ವಾರವೇ ಟಾಮ್ ಹೇಳಿದ್ದು ನಿಜವಾಯಿತು. ತೊಲೆಯ ಮೇಲಿದ್ದ ಪಾರಿವಾಳ ಬಿತ್ತು, ಜೊತೆಗೆ ಚಾವಣಿಯ ಹೊಸ ತಗಡಿನಲ್ಲಿ ಬಟಾಣಿಯಷ್ಟು ಬೆಳಕು ಮೂಡಿತು. ಚೀಲದಿಂದ ಉದುರಿದ ಹಿಡಿ ಗೋಧಿಗೂ ಆಳುಗಳ ಜನ್ಮ ಜಾಲಾಡುವ ಲೇಡ್ಲಾ ತಲೆಯೆತ್ತಿ ಆ ತೂತು ನೋಡಿ ನಕ್ಕ.

"ಬಿಡು, ಕೈ ಪಳಗಲಿ. ಅರವತ್ತು ಗಜದಲ್ಲಿ ಹೇಗೆ ಹೊಡೀತೀಯ?"

"ಶೆಡ್ಡೇ ಮೂವತ್ತು ಗಜ ಇಲ್ಲವಲ್ಲ ಸರ್."

"ಅಭ್ಯಾಸ ಮಾಡ್ಕೋ ಅಂದೆ."

ಬಯ್ದಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು. ಆ ನಗು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಆದರೂ ಮೂರು ವಾರ ಕ್ವಾರಿಯಲ್ಲಿ ಅರವತ್ತು ಗಜಕ್ಕೆ ಗುರಿ ಕೂಡಿಸಿದಳು. ಚೆನ್ನಾಗಿಯೇ ಕಲಿತಳು.

ಜೂನ್ ತಿಂಗಳ ಒಂದು ಶನಿವಾರ ಲೇಡ್ಲಾ ಅವಳನ್ನು ಶೆಡ್ಡಿನ ಹಿಂದಕ್ಕೆ ಕರೆದ. ಎದುರಿಗೆ ಗೋಧಿ ತುಂಬುವ ಉಕ್ಕಿನ ಗೋಪುರ. ಅದರಾಚೆ ಬೇಲಿ. ಬೇಲಿಯಾಚೆ ಗಣಿಯವರ ತೋಟದ ತುಂಡುಗಳು, ಹಸಿರು ಬಿಳಿ ಪಟ್ಟೆಯ ಹಲಗೆ ಗೂಡುಗಳು. ರೇಸ್ ಪಾರಿವಾಳದ ಗೂಡುಗಳು. ಅವುಗಳ ಸಾಲಿನಲ್ಲಿ ಮೂರನೆಯದು ಅವಳ ಅಪ್ಪನದು.

ಕೆಳಗೆ ಊರಿನ ಬೀದಿಯಲ್ಲಿ ಹೆಂಗಸರು ಒಣಗಲು ಹಾಕಿದ ಬಟ್ಟೆಗಳನ್ನು ಹಗ್ಗದಿಂದ ಎಳೆದುಕೊಳ್ಳುತ್ತಿದ್ದರು, ಒದ್ದೆಯಾಗಿದ್ದರೂ. ನೋರೀನಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಹಕ್ಕಿಗಳು ಬರುವ ಹೊತ್ತಾಗಿತ್ತು. ಫ್ರಾನ್ಸಿನಲ್ಲಿ ಬೆಳಿಗ್ಗೆ ಬಿಟ್ಟ ಹಕ್ಕಿ ಸಮುದ್ರ ದಾಟಿ ಮನೆಗೆ ಬರುವಾಗ, ಪಟಪಟ ಎನ್ನುವ ಒಂದು ಬೆಡ್‌ಶೀಟಿಗೆ ಬೆದರಿದರೆ ರೇಸ್ ಹೋಯಿತು. ಆ ಗಂಟೆಯಲ್ಲಿ ಕ್ರೇಕ್ ಹಿಲ್‌ನಲ್ಲಿ ಯಾರೂ ಬಾಗಿಲು ಕೂಡ ಜೋರಾಗಿ ಹಾಕುವುದಿಲ್ಲ.

"ದಣಿದ ಹಕ್ಕಿ ಮೊದಲು ಈ ಗೋಪುರದ ಮೇಲೆ ಕೂರುತ್ತೆ," ಎಂದ ಲೇಡ್ಲಾ. "ಅಲ್ಲಿಂದ ಇಲ್ಲಿಗೆ ಅರವತ್ತು ಗಜ. ನಾನೇ ಅಳೆದಿದ್ದೀನಿ."

"ಅವು ಕಾಡು ಹಕ್ಕಿ ಅಲ್ಲ. ಕಾಲಲ್ಲಿ ಉಂಗುರ ಇದೆ."

"ನನಗೆ ಇಲ್ಲಿಂದ ಉಂಗುರ ಕಾಣಲ್ಲ. ನಿನಗೆ ಕಾಣುತ್ತಾ?"

ಉತ್ತರಕ್ಕೆ ಕಾಯದೆ ಅವನು ಮುಂದುವರಿಸಿದ. "ಗಣಿ ಕಂಪನಿ ಕಾಲದ ಒಪ್ಪಂದ ನೋಡು. ಹಕ್ಕಿ ಸಾಕೋವರೆಗೆ ಆ ನೆಲ ಅವರ ಕೈಲಿ. ಹಕ್ಕಿ ಇಲ್ಲದಿದ್ರೆ ಎಸ್ಟೇಟಿಗೆ ವಾಪಸ್. ಈ ಬೇಸಿಗೇಲಿ ಹತ್ತು ಒಳ್ಳೇ ಹಕ್ಕಿ ಮನೆಗೆ ಬರದೆ ಹೋದ್ರೆ ಮುದುಕರು ತಾವೇ ಬಾಗಿಲು ಹಾಕ್ಕೋತಾರೆ. ಯಾರಿಗೂ ನೋವಿಲ್ಲ."

"ಅದಕ್ಕೇನಾ ದೊಡ್ಡ ಬಂದೂಕು?"

"ನಿನ್ನ ಲೈಸೆನ್ಸಿಗೆ ನನ್ನ ಕಾಗದ, ನೋರೀನ್. ನಾನು ಸೋಮವಾರ ಪೊಲೀಸರಿಗೆ ಒಂದು ಫೋನ್ ಮಾಡಿದರೆ ಪೆಟ್ಟಿಗೆ ಖಾಲಿ."

ಆಗಲೇ ಹಕ್ಕಿ ಬಂತು. ರೆಕ್ಕೆ ಮುಚ್ಚಿ ಕಲ್ಲಿನ ಹಾಗೆ ಇಳಿದು, ಗೋಪುರದ ಅಂಚಿನಲ್ಲಿ ಕೂತು ಕೊಕ್ಕು ತೆರೆಯಿತು. ನೋರೀನ್ ಬಂದೂಕು ಎತ್ತಿದಳು. ಸ್ಕೋಪಿನೊಳಗೆ ಹಕ್ಕಿ ಕೈಗೆಟುಕುವಷ್ಟು ಹತ್ತಿರ ಬಂತು. ನೀಲಿ ಚೌಕುಳಿ ಮೈ. ಎಡ ರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ. ತಾಯಿ ಕಾವು ಬಿಟ್ಟೆದ್ದಾಗ ವಿಲ್ಫ್ ಮೊಟ್ಟೆಯನ್ನು ತನ್ನ ಅಂಗಿಯೊಳಗಿಟ್ಟುಕೊಂಡು ಉಳಿಸಿದ ಹೆಣ್ಣು. ಕಾಲಲ್ಲಿ ರೇಸಿನ ರಬ್ಬರ್ ಉಂಗುರ, ಕೆಂಪು.

"ಹೊಡಿ," ಎಂದ ಲೇಡ್ಲಾ.

ಗುರಿ ಸರಿಯಾಗಿತ್ತು. ಅವಳಿಗೆ ಅಸಹ್ಯವಾದದ್ದೇ ಅದು. ತಪ್ಪುವ ಸಾಧ್ಯತೆಯೇ ಇರಲಿಲ್ಲ. ಮೂರು ವಾರ ಅವಳು ಕಲಿತದ್ದು ಈ ಹಕ್ಕಿಯನ್ನು ಕೊಲ್ಲುವುದನ್ನು. ತಿಳಿಯದೆ ಅಲ್ಲ, ತಿಳಿದುಕೊಳ್ಳಲು ಒಪ್ಪದೆ. ಪೆಟ್ಟಿಗೆ ಖಾಲಿಯಾದರೆ ಮುಂದಿನ ವಾರ ತಟ್ಟೆಯೂ ಖಾಲಿ.

ಅವಳು ಬಂದೂಕು ಇಳಿಸಿದಳು.

"ಗುಂಡು ತುಂಬಿಲ್ಲ," ಎಂದಳು.

"ತುಂಬು ಮತ್ತೆ!"

ಅವಳು ಜೇಬಿಗೆ ಕೈ ಹಾಕಿ ತೆಗೆದದ್ದು ಟಾಮ್ ಕೊಟ್ಟ ಸಣ್ಣ ಕೀಲಿಯನ್ನು. ಅಡಿಯ ತಿರುಪಿಗೆ ಹಾಕಿ ತಿರುಗಿಸಿದಳು.

ಹಂದಿ ಕೊಯ್ದ ಕಿರುಚಾಟ ಎಂದಿದ್ದ ಟಾಮ್. ಅದಕ್ಕಿಂತ ಹೆಚ್ಚಾಗಿತ್ತು. ಬಂದೂಕಿನೊಳಗಿನ ಸಿಟ್ಟೆಲ್ಲ ಒಂದೇ ಸೀಳಿನಲ್ಲಿ ಹೊರನುಗ್ಗಿದಂತೆ ಗಾಳಿ ಅರಚಿತು. ಲೇಡ್ಲಾ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಎಗರಿದ. ಗೋಪುರದ ಮೇಲಿನ ಹಕ್ಕಿ ಪಟ್ಟೆಂದು ಎದ್ದು ಆಕಾಶಕ್ಕೆ ಏರಿತು, ಒಂದು ಸುತ್ತು, ಎರಡು ಸುತ್ತು, ಮೂರು, ಆಮೇಲೆ ಬೇಲಿಯಾಚೆ ಮೂರನೆಯ ಗೂಡಿನ ಕಡೆಗೆ ಇಳಿಯಿತು.

"ನಿನಗೆ ಹುಚ್ಚು ಹಿಡಿದಿದೆಯಾ?"

"ಕಾಣಿಸ್ತು ಉಂಗುರ," ಎಂದಳು ನೋರೀನ್. "ಕೆಂಪು. ಫೋನ್ ಮಾಡ್ಕೋ ಹೋಗು. ನಿನ್ನ ಕಾಗದ, ನಿನ್ನ ಗೋಪುರ, ನಿನ್ನ ಅರವತ್ತು ಗಜ, ಎಲ್ಲಾನೂ ನಾನೂ ಪೊಲೀಸರಿಗೆ ಹೇಳ್ತೀನಿ. ಯಾರ ಮಾತು ನಂಬ್ತಾರೋ ನನಗೆ ಗೊತ್ತು. ಆದ್ರೂ ಹೇಳ್ತೀನಿ. ಊರಿಗೂ ಹೇಳ್ತೀನಿ. ಊರು ನಂಬುತ್ತೆ."

ತೋಟಕ್ಕೆ ಹೋದಾಗ ವಿಲ್ಫ್ ಗೂಡಿನ ಮುಂದೆ ಹಕ್ಕಿಯ ಉಂಗುರ ಹಾಕಿದ ಕ್ಷಣವನ್ನು ಅಚ್ಚೊತ್ತುವ ರೇಸ್ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಖ ಕಪ್ಪಿಟ್ಟಿತ್ತು.

"ಮೂರು ನಿಮಿಷ!" ಎಂದು ಗದರಿದ. "ಉಂಗುರ ಬಿಚ್ಚಿ ಗಡಿಯಾರಕ್ಕೆ ಹಾಕೋ ಹೊತ್ತಿಗೆ ಮೂರು ನಿಮಿಷ ಹೋಯ್ತು. ಯಾವನೋ ಸೂಳೇಮಗ ಮೇಲೆ ಅದೇನೋ ಊದಿದ, ನನ್ನ ಹೆಣ್ಣು ಸುತ್ತು ಹೊಡೀತಾ ಇತ್ತು. ಮೊದಲನೇದಾಗಿ ಗೆಲ್ಲೋ ಹಕ್ಕಿ ಕಣೇ!"

"ಊದಿದ್ದು ನಾನು."

ಅವಳು ಎಲ್ಲ ಹೇಳಿದಳು, ನಿಂತುಕೊಂಡೇ. ಪಕ್ಕದ ಗೂಡಿನವರು ಬಂದು ಬೇಲಿಗೆ ಒರಗಿ ಕೇಳಿದರು. ಯಾರೂ ಅವಳ ಬೆನ್ನು ತಟ್ಟಲಿಲ್ಲ. ವಾರಗಟ್ಟಲೆ ಎಸ್ಟೇಟಿನ ಗೇಟಿನೊಳಗೆ ಬಂದೂಕು ಹಿಡಿದು ಹೋದವಳನ್ನು ಅವರು ನೋಡಿದ್ದರು.

"ಗುರಿ ಇಟ್ಟಿದ್ದೆಯಾ?" ಎಂದು ಕೊನೆಗೆ ಕೇಳಿದ ವಿಲ್ಫ್.

"ಇಟ್ಟಿದ್ದೆ."

"ಬೀಳ್ತಿತ್ತಾ?"

"ಬೀಳ್ತಿತ್ತು."

ಮುದುಕ ಎದ್ದು ಹಕ್ಕಿಗೆ ನೀರಿಟ್ಟ.

"ಆ ದರಿದ್ರ ಬಂದೂಕನ್ನ ಟಾಮ್ ರೇನ್‌ಗೆ ವಾಪಸ್ ಕೊಡು," ಎಂದ. "ಲೈಸೆನ್ಸ್ ಬೇಡದ ಚಿಕ್ಕದು ತಗೊಂಡು ಬಾ. ಗೂಡಿನ ಕೆಳಗೆ ಇಲಿ ತುಂಬಿದಾವೆ, ಮೊಟ್ಟೆ ಉಳಿಸ್ತಿಲ್ಲ. ಇಡೀ ಸಾಲಿಗೂ ಕಾಟ. ಇವರೆಲ್ಲ ಆಲೂಗಡ್ಡೆ, ಈರುಳ್ಳಿ ಏನಾದ್ರೂ ಕೊಡ್ತಾರೆ. ಕೊಡದೆ ಇದ್ರೆ ನಾನು ನೋಡ್ಕೋತೀನಿ."

"ಪೆಟ್ಟಿಗೆ ಬಿಚ್ಚಿದ ಮೇಲೆ ಗೋಡೆ ತೂತು?"

"ಅವು ಹಾಗೇ ಇರ್ಲಿ," ಎಂದ ವಿಲ್ಫ್. "ಬೆಳಿಗ್ಗೆ ಎದ್ದ ಕೂಡಲೇ ನಿನಗೆ ಕಾಣ್ಬೇಕು."