ಗ್ರೆಗರನ ಹೆಸರಿನ ಸೀಸೆ

ಮಲಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಕಡ್ಡಿಯಲ್ಲಿ ಒಂದಿಷ್ಟು ತೆಗೆದು, ಪುಟ್ಟ ಸೀಸೆಗೆ ಹಾಕಿ ವಾಪಸ್ ಕಳಿಸಿದರಾಯಿತು. ಕರುಳಿನ ಕ್ಯಾನ್ಸರ್ ಇದ್ದರೆ ಬೇಗ ಸಿಕ್ಕಿಬೀಳುತ್ತದೆ. ಆದರೆ ಬಿರುಗಾಳಿಗೆ ಹೆದರದ ನಮ್ಮ ಸ್ಕಾಟ್‌ಲೆಂಡಿನ ಮೀನುಗಾರರು ಆ ಕಡ್ಡಿಗೆ ಹೆದರುತ್ತಾರೆ. ಅದಕ್ಕೇ ನಮ್ಮ ಡಾಕ್ಟರಮ್ಮ ರೆನಿ, ಕಿಟ್ ಕಳಿಸದವರಿಗೆಲ್ಲ ದವಾಖಾನೆಯಿಂದಲೇ ಫೋನ್ ಮಾಡಿಸತೊಡಗಿದರು.

ಫೋನ್ ಮಾಡುವ ಕೆಲಸ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಸೆಂಗಾಳದು. ನರ್ಸ್ ಆದ ನಾನು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಎಲ್ಲರದೂ ಒಂದೇ ಉತ್ತರ.

"ಮೊದ್ಲು ನಿನ್ ಗಂಡಂದು ಕಳಿಸು ತಾಯಿ, ಆಮೇಲೆ ನಮಗೆ ಹೇಳು."

ಗಂಡ ಗ್ರೆಗರ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಸೆಂಗಾ ಅವನ ಸೀಸೆಗೆ ತನ್ನದನ್ನೇ ಹಾಕಿ ಕಳಿಸಿಬಿಟ್ಟಳು. ಐವತ್ತು ತುಂಬದ ಅವಳಿಗೆ ಕಿಟ್ ಬರುವ ವಯಸ್ಸೇ ಆಗಿರಲಿಲ್ಲ. ಗಟ್ಟಿಮುಟ್ಟಾಗಿದ್ದೇನೆ, ಏನೂ ಇರುವುದಿಲ್ಲ ಎಂಬ ಧೈರ್ಯ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮಲದಲ್ಲಿ ರಕ್ತ ಇದೆ ಎಂದು ಫಲಿತಾಂಶ ಬಂತು.

"ಗಂಡನ ಜೀವ ಉಳಿಸಿದೆ ಸೆಂಗಾ" ಎಂದು ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಸಮಾಧಾನಕ್ಕೆಂದು ನಾನು ತಂದ ಬೆಣ್ಣೆ ಬಿಸ್ಕತ್ತನ್ನು ಅವಳು ಪಕ್ಕಕ್ಕೆ ಸರಿಸಿದಳು. ನಿಜ ಹೇಳಿದರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹೇಳದಿದ್ದರೆ ಅವನ ನೆಟ್ಟಗಿರುವ ಕರುಳಿಗೆ ಕ್ಯಾಮೆರಾ ಇಳಿಯುತ್ತದೆ, ಅವಳ ಕರುಳಿನಲ್ಲಿರುವುದು ಅಲ್ಲೇ ಬೆಳೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಆದರೂ ಫೋನ್ ಎತ್ತಿ "ಹೆದರ್ಬೇಡಿ, ಬೇಗ ಗೊತ್ತಾದ್ರೆ ಒಳ್ಳೇದು" ಎನ್ನುತ್ತಲೇ ಇದ್ದಳು, ಪಾಪ. ಅವಳ ದನಿ ಒಣಗಿದ್ದು ಗಂಡನ ಚಿಂತೆಗೆ ಎಂದುಕೊಂಡೆ ನಾನು.

ಸೋಮವಾರ ಗ್ರೆಗರ್ ಆಸ್ಪತ್ರೆಯ ಕಾಗದ ಹಿಡಿದುಕೊಂಡು ನುಗ್ಗಿದ. ಕಾಯುವವರಿಂದ ಕೋಣೆ ತುಂಬಿತ್ತು.

"ನಾನ್ಯಾವ ಸೀಸೇನೂ ಕಳಿಸಿಲ್ಲ! ಯಾವನ್ದೋ ಹೊಲಸು ತಂದು ನನ್ ತಲೆಗೆ ಕಟ್ತೀರಾ?"

"ಕುಡಿದಾಗ ಕಳಿಸಿರ್ತೀಯ ಬಿಡೋ," ಎಂದ ಮುದುಕ ಯೂವನ್. ಎಲ್ಲರೂ ನಕ್ಕರು.

ತಿರುಗಿ ಬೈಯಲು ಹೋದ ಗ್ರೆಗರನ ಕಣ್ಣಿಗೆ ಹೆಂಡತಿಯ ಮುಖ ಬಿತ್ತು. ಇದು ಇವಳದೇ ಕೆಲಸ, ಗೊತ್ತಾದರೆ ಇವಳನ್ನು ಇಲ್ಲಿಂದ ಓಡಿಸುತ್ತಾರೆ ಎಂಬಷ್ಟು ಅವನಿಗೆ ಹೊಳೆಯಿತು. ಅರ್ಧ ಮಾತ್ರ; ಸೀಸೆಯಲ್ಲಿದ್ದದ್ದು ಯಾರದು ಎಂಬುದು ಹೊಳೆಯಲಿಲ್ಲ.

"ಹೂಂ... ನೆನಪಾಯ್ತು. ನಾನೇ ಕಳಿಸಿದ್ದು. ಯಾವತ್ತು ಬರ್ಬೇಕು, ಹೇಳಿ."

ಕಡ್ಡಿಗೆ ಹೆದರಿದ ಗಂಡಸು ಹೆಂಡತಿಗಾಗಿ ಕ್ಯಾಮೆರಾಗೆ ಒಪ್ಪಿದ್ದ. ಜನ ಚಪ್ಪಾಳೆ ತಟ್ಟಿದರು. ನಾನು ಆಸ್ಪತ್ರೆಗೆ ಹೇಳಲು ಫೋನ್ ಎತ್ತಿದೆ.

ಸೆಂಗಾ ನನ್ನ ಕೈ ಹಿಡಿದಳು.

"ಅವನ ಹೆಸರು ಹೇಳ್ಬೇಡ. ಅದು ನಂದು."

ಚಪ್ಪಾಳೆ ನಿಂತಿತು. ಗ್ರೆಗರ್ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಆ ರಕ್ತ ನಂದು ಕಣೋ," ಎಂದಳು ಅವನಿಗೆ. "ನಂಗೆ ತುಂಬಾ ಭಯ ಆಗ್ತಿದೆ."